ಪಾಲು ಮತ್ತು ಪಾಲನೆ: ದಂಪತಿಗಳು ಅಗಲಿದಾಗ ಮಗುವಿನ ಹಿತವನ್ನು ಕುರಿತ ಸಂಧಾನಕ್ರಮ

೧

ಕನ್ನಡದಲ್ಲಿ 'ಪಾಲು' ಎಂಬುದೂ 'ಪಾಲನೆ' ಎಂಬುದೂ ಕಿವಿಗೆ ಒಂದೇ ಮನೆಯ ಶಬ್ದಗಳಂತೆ ಕೇಳಿಸುತ್ತವೆ. ಆದರೆ ಅವುಗಳ ಮೂಲ ಬೇರೆ ಬೇರೆ. ಮೊದಲನೆಯದು ದೇಶ್ಯಶಬ್ದ, ಭಾಗ, ಅಂಶ, ಹಿಸ್ಸೆ ಎಂದು ಅದರ ಅರ್ಥ. ಎರಡನೆಯದು ಸಂಸ್ಕೃತದಿಂದ ಬಂದುದು. ಕಾಪಾಡುವುದು, ಪೋಷಿಸುವುದು ಎಂದು ಅದರ ಅರ್ಥ. ಗಂಡಹೆಂಡಿರು ಬೇರೆಯಾಗಲು ನಿಶ್ಚಯಿಸಿದ ಮನೆಯಲ್ಲಿ ಈ ಎರಡು ಮಾತುಗಳೂ ಒಟ್ಟಿಗೆ ಬಳಕೆಗೆ ಬರುತ್ತವೆ. ಹೊಲ, ಮನೆ, ಒಡವೆ, ಪಾತ್ರೆಪದಾರ್ಥಗಳನ್ನು ಪಾಲು ಮಾಡಬಹುದು. ಮಗುವನ್ನು ಪಾಲಿಸಬಹುದಲ್ಲದೆ ಪಾಲು ಮಾಡಲಾಗದು. ಈ ಭೇದವನ್ನು ಮರೆತು ಮಗುವಿನ ಹೆಸರನ್ನೂ ಪಾಲುಪಟ್ಟಿಯಲ್ಲಿ ಸೇರಿಸಿಬಿಡುವುದರಿಂದ ಎಷ್ಟೋ ವ್ಯವಹಾರಗಳು ಕೆಡುತ್ತವೆ.

ವಿವಾಹವಿಚ್ಛೇದನವು ಯುಕ್ತವೇ ಅಯುಕ್ತವೇ ಎಂಬುದು ಪ್ರಕೃತ ಲೇಖನದ ವಿಷಯವಲ್ಲ. ಬೇರೆಯಾಗುವುದು ನಿಶ್ಚಯವಾದ ಮೇಲೆ ಮಗುವಿನ ವಿಷಯದ ನಿರ್ಣಯಗಳು ಯಾರಿಂದ, ಯಾವ ಕ್ರಮದಲ್ಲಿ, ಯಾವ ಮಾತುಗಳಲ್ಲಿ ಆಗಬೇಕೆಂಬುದಷ್ಟೇ ಇಲ್ಲಿಯ ವಿಚಾರ. ಇದು ನ್ಯಾಯವಾದಿಗಳ ವಿಷಯ, ಸಾಹಿತ್ಯದ ಅಧ್ಯಾಪಕರಿಗೆ ಇದರಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಕಾನೂನಿನ ಕಲಹಗಳಲ್ಲಿ ಬಹುಭಾಗವು ಶಬ್ದಾರ್ಥದ ಕಲಹವೇ ಆಗಿರುತ್ತದೆ. ಅದಲ್ಲದೆ ಮುರಿದ ಮನೆಯ ಮಗುವು ಹೊರಗಿನವರಲ್ಲಿ ಮೊದಲು ಕಣ್ಣಿಗೆ ಬೀಳುವುದು ಪಾಠಶಾಲೆಯ ಉಪಾಧ್ಯಾಯರಿಗೆ. ವಿಚಾರವು ಬರಿಯ ತತ್ತ್ವದಲ್ಲಿ ತೇಲಿಹೋಗದಂತೆ ಒಂದು ಸ್ಥಳವನ್ನು ಕಣ್ಣ ಮುಂದೆ ಇಟ್ಟುಕೊಳ್ಳುವುದು ಒಳ್ಳೆಯದು. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ದೇವಲಾಪುರ ಹೋಬಳಿಯನ್ನು ನಾವು ಅದಕ್ಕಾಗಿ ಆರಿಸಿಕೊಂಡಿದ್ದೇವೆ.

೨

ಮನೆಯ ಜಗಳವನ್ನು ರಾಜನ ನ್ಯಾಯಸ್ಥಾನಕ್ಕೆ ಒಯ್ಯುವುದಕ್ಕೆ ಮೊದಲು ಸಮೀಪದವರೇ ಬಗೆಹರಿಸಬೇಕೆಂಬ ಭಾವನೆ ನಮ್ಮ ದೇಶದಲ್ಲಿ ಹಳೆಯದು. ಯಾಜ್ಞವಲ್ಕ್ಯಸ್ಮೃತಿಯು ವ್ಯವಹಾರಗಳನ್ನು ನೋಡತಕ್ಕವರಲ್ಲಿ ಕುಲ, ಶ್ರೇಣಿ, ಪೂಗ, ರಾಜನಿಯುಕ್ತರು ಎಂದು ತರತಮಗಳನ್ನು ಹೇಳುತ್ತದೆ. ಬಂಧುಗಳ ಕೂಟ, ಒಂದೇ ಕಸುಬಿನವರ ಕೂಟ, ಒಂದೇ ಊರವರ ಕೂಟ, ಅದರ ಮೇಲೆ ರಾಜನು ನೇಮಿಸಿದವರು ಎಂದು ಇದರ ತಾತ್ಪರ್ಯ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ ಕ್ರಿ. ಶ. ೧೦೭೬ರಿಂದ ೧೧೨೬ರವರೆಗಿನ ಆಳ್ವಿಕೆಯಲ್ಲಿ, ನಮ್ಮ ಕಲ್ಯಾಣದಲ್ಲಿ ಇದ್ದವನು. ಬಾಲರ ಆಸ್ತಿಯನ್ನು ಅವರು ವ್ಯವಹಾರಯೋಗ್ಯರಾಗುವವರೆಗೆ ರಾಜನು ಕಾಪಾಡತಕ್ಕದ್ದೆಂದು ಗೌತಮನ ಧರ್ಮಸೂತ್ರವೂ ಮನುಸ್ಮೃತಿಯೂ ವಿಧಿಸಿವೆ. ಮಗುವಿನ ಹಣವನ್ನು ಕಾಯುವ ಹೊಣೆಯು ಇಲ್ಲಿ ಸ್ಪಷ್ಟವಾಗಿದೆ. ಬದುಕಿರುವ ತಂದೆತಾಯಿಗಳು ತಾವೇ ಬೇರೆಯಾದಾಗ ಮಗುವಿನ ಮನಸ್ಸನ್ನು ಯಾರು ಕಾಯಬೇಕೆಂಬುದು ನಮ್ಮ ಕಾಲಕ್ಕೆ ಮುಖ್ಯವಾದ ಪ್ರಶ್ನೆ.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕುಲದ ನ್ಯಾಯವನ್ನು ನಡೆಸುತ್ತಿದ್ದ ಸಂಸ್ಥೆ ಕಟ್ಟೆಮನೆ. ಗೌಡ, ಯಜಮಾನ ಮೊದಲಾದ ಮುಖಂಡರು ಕುಲದವರನ್ನು ಕೂಡಿಸಿ ಮದುವೆ, ಬಿಡುಗಡೆ, ಕೂಡಿಕೆಗಳ ವಿಷಯವನ್ನು ವಿಚಾರಿಸಿ, ತಪ್ಪುಕಾಣಿಕೆಯನ್ನು ವಿಧಿಸಿ, ಜಗಳವನ್ನು ಮುಗಿಸುತ್ತಿದ್ದರು. ಇಂಥ ಆಚಾರಗಳ ವಿವರವು 'ಮೈಸೂರು ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್' ಎಂಬ ನಾಲ್ಕು ಸಂಪುಟಗಳ ಗ್ರಂಥದಲ್ಲಿ ವಿಪುಲವಾಗಿ ದೊರೆಯುತ್ತದೆ. ಆ ಕೆಲಸವನ್ನು ಆರಂಭಿಸಿದ ಎಚ್. ವಿ. ನಂಜುಂಡಯ್ಯನವರು ೧೯೧೫ರಲ್ಲಿ ಬೆಂಗಳೂರಿನಲ್ಲಿ ನಡೆದ ಪ್ರಥಮ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರೆಂಬುದನ್ನು ವಾಚಕರು ಬಲ್ಲರು. ಅವರ ನಿಧನದ ತರುವಾಯ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಅದನ್ನು ಪೂರೈಸಿದರು. ಸಂಪುಟಗಳು ೧೯೨೮ರಿಂದ ೧೯೩೫ರವರೆಗೆ ಪ್ರಕಟವಾದವು.

ಈ ಆಚಾರಗಳ ಸಾಮಾನ್ಯಲಕ್ಷಣವನ್ನು ಹೇಳುವುದಾದರೆ, ಬಿಡುಗಡೆಯನ್ನೂ ಸ್ತ್ರೀಯ ಮರುಮದುವೆಯನ್ನೂ ಒಪ್ಪುತ್ತಿದ್ದ ಅನೇಕ ಕುಲಗಳಲ್ಲಿ ಮಕ್ಕಳು ತಂದೆಯ ಮನೆಗೆ ಸೇರಿದವರೆಂಬುದೇ ಕಟ್ಟಳೆ. ಹೆಂಗಸು ಕೂಡಿಕೆಯಾಗಿ ಬೇರೊಬ್ಬನ ಮನೆಗೆ ಹೋದರೆ ಮೊದಲ ಮನೆಯ ಆಸ್ತಿಯಂತೆಯೇ ಮಕ್ಕಳನ್ನೂ ಬಿಟ್ಟುಹೋಗಬೇಕಾಗಿತ್ತು. ಹಿಂದೆ ಕೊಟ್ಟ ತೆರವು ತಿರುಗಿ ಬಂದಿತೇ ಇಲ್ಲವೇ ಎಂಬ ಲೆಕ್ಕವೂ ಇದೇ ಕೂಟದಲ್ಲಿಯೇ ತೀರುತ್ತಿತ್ತು. ಕಟ್ಟೆಮನೆಯ ದೃಷ್ಟಿ ಎರಡು ಮನೆತನಗಳ ನಡುವಣ ಶಾಂತಿಯ ಮೇಲೆ ಇದ್ದಿತು. ಆ ಶಾಂತಿಯನ್ನು ಅದು ಬೇಗನೆ, ಕಡಿಮೆ ವೆಚ್ಚದಲ್ಲಿ, ಊರ ಭಾಷೆಯಲ್ಲಿ ತಂದುಕೊಡುತ್ತಿತ್ತು. ಇದು ಅದರ ಗುಣ. ಹೆಂಗಸಿನ ಮಾತಿಗೆ ಅಲ್ಲಿ ಸ್ಥಾನವು ಅಲ್ಪ, ಮಗುವಿನ ಮಾತಿಗೆ ಸ್ಥಾನವೇ ಇಲ್ಲ, ಮನೆಯ ಗುಟ್ಟು ಊರಿಗೆಲ್ಲ ಬಯಲು. ಇವು ಅದರ ದೋಷ.

ಇಂಥ ಸಂಸ್ಥೆಗಳು ಇಂದಿಗೂ ಅಳಿದಿಲ್ಲ. ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯ ತರಳಬಾಳು ಮಠದಲ್ಲಿ ನಡೆಯುವ ಸದ್ಧರ್ಮ ನ್ಯಾಯಪೀಠದ ಮುಂದೆ ಭೂಮಿಯ ವ್ಯಾಜ್ಯಗಳಂತೆ ಗಂಡಹೆಂಡಿರ ವ್ಯಾಜ್ಯಗಳೂ ಬರುತ್ತವೆ. ಜನರು ನ್ಯಾಯಸ್ಥಾನಕ್ಕಿಂತ ಮೊದಲು ತಮಗೆ ಗೌರವವಿರುವ ಸ್ಥಳವನ್ನು ಹುಡುಕುವರೆಂಬುದಕ್ಕೆ ಇದು ಸಾಕ್ಷಿ.

೩

ಕಟ್ಟೆಮನೆಯ ಕಟ್ಟಳೆಗೆ ಬದಲಾಗಿ ಈಗ ನಡೆಯುತ್ತಿರುವ ಕಾನೂನು ಏನೆಂಬುದನ್ನು ಸಂಗ್ರಹವಾಗಿ ಹೇಳಬೇಕು. ಎಲ್ಲ ಮತದವರ ವಿಷಯದಲ್ಲಿಯೂ ಉಪಯೋಗಕ್ಕೆ ಬರುವುದು ೧೮೯೦ನೆಯ ಇಸವಿಯ ಪಾಲಕರ ಮತ್ತು ಪಾಲ್ಯರ ಕಾಯಿದೆ. ಪಾಲಕನನ್ನು ನೇಮಿಸುವಾಗ ಬಾಲಕನ ಕ್ಷೇಮವನ್ನು ನೋಡಬೇಕೆಂದೂ, ಬಾಲಕನು ವಿವೇಚನೆ ಮಾಡುವಷ್ಟು ಬೆಳೆದಿದ್ದರೆ ಅವನ ಇಷ್ಟವನ್ನು ನ್ಯಾಯಸ್ಥಾನವು ಪರಿಗಣಿಸಬಹುದೆಂದೂ ಅದರ ೧೭ನೆಯ ಪ್ರಕರಣವು ಹೇಳುತ್ತದೆ. ೧೯೫೫ರ ಹಿಂದೂ ವಿವಾಹ ಕಾಯಿದೆಯ ೨೬ನೆಯ ಪ್ರಕರಣದಂತೆ ವಿಚ್ಛೇದನದ ವ್ಯವಹಾರದಲ್ಲಿಯೇ ಮಕ್ಕಳ ವಾಸ, ಪೋಷಣೆ, ವಿದ್ಯಾಭ್ಯಾಸಗಳ ವಿಷಯವಾಗಿ ಆಜ್ಞೆ ಮಾಡಬಹುದು; ಆ ಆಜ್ಞೆಯನ್ನು ಮುಂದೆ ಬದಲಾಯಿಸಲೂ ಬಹುದು. ೧೯೫೬ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವದ ಕಾಯಿದೆಯು ಐದು ವರ್ಷ ತುಂಬದ ಮಗುವು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದು ೬ನೆಯ ಪ್ರಕರಣದಲ್ಲಿಯೂ, ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮಿಗಿಲಾದುದೆಂದು ೧೩ನೆಯ ಪ್ರಕರಣದಲ್ಲಿಯೂ ವಿಧಿಸಿದೆ.

ಈ ೬ನೆಯ ಪ್ರಕರಣದಲ್ಲಿಯೇ ಶಬ್ದಾರ್ಥದ ಒಂದು ಪ್ರಸಿದ್ಧ ಚರ್ಚೆ ಹುಟ್ಟಿತು. ಮಗುವಿಗೆ ಸಹಜ ಪಾಲಕನು ತಂದೆ, ಅವನ 'ತರುವಾಯ' ತಾಯಿ ಎಂದು ಅಲ್ಲಿಯ ಮಾತು. ತರುವಾಯ ಎಂದರೆ ತಂದೆಯು ಕಾಲವಾದ ಮೇಲೆ ಎಂದೇ ಅರ್ಥಮಾಡಿದರೆ, ಅವನು ಜೀವಿಸಿರುವವರೆಗೂ ತಾಯಿಗೆ ಪಾಲಕತ್ವವೇ ಇಲ್ಲವೆಂದಾಯಿತು. ಕಾದಂಬರಿಕಾರ್ತಿ ಗೀತಾ ಹರಿಹರನ್ ಅವರು ಹೂಡಿದ ವ್ಯವಹಾರದಲ್ಲಿ ಸುಪ್ರೀಂ ಕೋರ್ಟು ೧೯೯೯ರಲ್ಲಿ ಆ ಶಬ್ದಕ್ಕೆ 'ತಂದೆಯು ಇಲ್ಲದೆಡೆ' ಎಂಬ ಅರ್ಥವನ್ನು ಕೊಟ್ಟು, ಮಗುವಿನ ಹೊಣೆಯನ್ನು ತಂದೆಯು ವಾಸ್ತವವಾಗಿ ಹೊತ್ತಿರದ ಸಂದರ್ಭಗಳಲ್ಲಿಯೂ ತಾಯಿಯು ಪಾಲಕಳೆಂದು ನಿರ್ಣಯಿಸಿತು. ಕಾಯಿದೆಯ ಅಕ್ಷರವೊಂದೂ ಬದಲಾಗಲಿಲ್ಲ. ಒಂದು ಪದದ ಅರ್ಥವು ವಿಸ್ತಾರವಾಗಿ, ಅಸಂಖ್ಯಾತ ತಾಯಂದಿರ ಸ್ಥಿತಿ ಬದಲಾಯಿತು. ಮಕ್ಕಳು ತಂದೆತಾಯಿಗಳ ಸೊತ್ತಲ್ಲ, ಆಟದ ವಸ್ತುಗಳೂ ಅಲ್ಲವೆಂಬ ಅಭಿಪ್ರಾಯವನ್ನು ಅದೇ ನ್ಯಾಯಸ್ಥಾನವು ೧೯೭೩ರಷ್ಟು ಹಿಂದೆಯೇ ಹೇಳಿದ್ದಿತು.

ಇನ್ನು ಸಂಧಾನದ ವಿಷಯ. ೧೯೮೪ರ ಕುಟುಂಬ ನ್ಯಾಯಾಲಯಗಳ ಕಾಯಿದೆಯು ತೀರ್ಪಿಗೆ ಮೊದಲು ರಾಜಿಗಾಗಿ ಪ್ರಯತ್ನಪಡುವುದನ್ನು ನ್ಯಾಯಾಧೀಶರ ಕರ್ತವ್ಯವನ್ನಾಗಿಯೇ ಮಾಡಿತು; ಆಪ್ತಸಮಾಲೋಚಕರ ನೇಮಕಕ್ಕೂ ಅವಕಾಶವನ್ನು ಕಲ್ಪಿಸಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ ೮೯ನೆಯ ಪ್ರಕರಣವು ೨೦೦೨ರ ಜುಲೈ ತಿಂಗಳಿನಿಂದ ಹೊಸ ರೂಪದಲ್ಲಿ ಜಾರಿಗೆ ಬಂದು, ವ್ಯಾಜ್ಯಗಳನ್ನು ಸಂಧಾನಕ್ಕೆ ಕಳುಹಿಸುವ ಮಾರ್ಗವನ್ನು ತೆರೆಯಿತು. ೨೦೦೭ರಲ್ಲಿ ಕರ್ನಾಟಕದ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವು ಆರಂಭವಾಯಿತು. ಗಂಡಹೆಂಡಿರ ವ್ಯಾಜ್ಯಗಳನ್ನು ಸಂಧಾನಕೇಂದ್ರಗಳಿಗೆ ಕಳುಹಿಸಬೇಕೆಂದೂ, ವ್ಯಾಜ್ಯವು ದಾಖಲಾಗುವುದಕ್ಕೆ ಮೊದಲೇ ಸಂಧಾನಕ್ಕೆ ಅವಕಾಶವಿರಬೇಕೆಂದೂ ೨೦೧೩ರಲ್ಲಿ ಸುಪ್ರೀಂ ಕೋರ್ಟು ಸೂಚಿಸಿತು. ೨೦೨೩ರಲ್ಲಿ ಪಾರ್ಲಿಮೆಂಟು ಈ ವಿಷಯಕ್ಕಾಗಿಯೇ ಒಂದು ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಊರುಕೇರಿಗಳ ಸಾಮುದಾಯಿಕ ಸಂಧಾನಕ್ಕೆ ಅದರಲ್ಲಿ ಒಂದು ಅಧ್ಯಾಯವೇ ಇದೆ.

೪

ಪಂಚಾಯಿತಿ, ರಾಜಿ, ಮಧ್ಯಸ್ಥಿಕೆ, ಸಂಧಾನ ಎಂಬ ಮಾತುಗಳನ್ನು ನಾವು ಒಂದರ ಬದಲಿಗೆ ಇನ್ನೊಂದನ್ನು ಬಳಸುತ್ತೇವೆ. ಅವುಗಳ ಅರ್ಥಗಳನ್ನು ಬಿಡಿಸಿ ನೋಡುವುದರಿಂದ ಪ್ರಯೋಜನವುಂಟು. ಪಂಚಾಯಿತಿ ಎಂದರೆ ಪಂಚರು ಕೂಡಿ ತೀರ್ಮಾನವನ್ನು ಹೇಳುವುದು. ಹೇಳುವವರು ಅವರು, ಕೇಳುವವರು ಉಭಯ ಪಕ್ಷದವರು. ರಾಜಿ ಎಂಬ ಅರಬ್ಬೀ ಮೂಲದ ಮಾತಿಗೆ ಒಪ್ಪಿದವನು, ಸಮಾಧಾನಗೊಂಡವನು ಎಂದು ಅರ್ಥ. ಅದು ಫಲದ ಹೆಸರೇ ಹೊರತು ಮಾರ್ಗದ ಹೆಸರಲ್ಲ. ಸರಕಾರದ ಬಳಕೆಯಲ್ಲಿ ಈಗ ನಿಂತಿರುವ ಮಧ್ಯಸ್ಥಿಕೆ ಎಂಬ ಮಾತು ನಡುವೆ ನಿಂತವನ ಸ್ಥಾನವನ್ನು ಸೂಚಿಸುತ್ತದೆ. ಸಂಧಾನವೆಂದರೆ ಕೂಡಿಸುವುದು. ಇಲ್ಲಿ ಕೂಡಿಸತಕ್ಕದ್ದು ಮುರಿದ ದಾಂಪತ್ಯವನ್ನೇ ಆಗಬೇಕಾಗಿಲ್ಲ. ವ್ಯಾಕರಣದಲ್ಲಿ ಎರಡು ಸ್ವರಗಳು ಎದುರುಬದುರಾದರೂ ಸಂಧಿಯಾಗದೆ ತಮ್ಮ ತಮ್ಮ ರೂಪದಲ್ಲಿಯೇ ನಿಲ್ಲುವುದಕ್ಕೆ ಪ್ರಕೃತಿಭಾವವೆಂದು ಹೆಸರು. ಆದರೂ ವಾಕ್ಯದ ಅರ್ಥ ಕೆಡುವುದಿಲ್ಲ. ಬೇರೆ ಬೇರೆ ನಿಂತ ತಂದೆತಾಯಿಗಳ ನಡುವೆ ಮಗುವಿನ ಬಾಳು ಕೆಡದಂತೆ ನೋಡುವುದೇ ಈ ಸಂಧಾನದ ಗುರಿ.

ಅದರ ಕ್ರಮ ಹೀಗೆ. ತರಬೇತಿಯನ್ನು ಪಡೆದ, ಉಭಯರಿಗೂ ಸಂಬಂಧಿಯಲ್ಲದ ಸಂಧಾನಕಾರರು ಮೊದಲು ಇಬ್ಬರನ್ನೂ ಕೂಡಿಸಿ ನಿಯಮಗಳನ್ನು ತಿಳಿಸುತ್ತಾರೆ. ತಾವು ತೀರ್ಪನ್ನು ಕೊಡುವವರಲ್ಲವೆಂದೂ, ಇಲ್ಲಿ ಆಡಿದ ಮಾತನ್ನು ನ್ಯಾಯಸ್ಥಾನದಲ್ಲಿ ಸಾಕ್ಷ್ಯವಾಗಿ ಎತ್ತುವಂತಿಲ್ಲವೆಂದೂ, ಬೇಡವಾದರೆ ಯಾರಾದರೂ ಎದ್ದುಹೋಗಬಹುದೆಂದೂ ಹೇಳುತ್ತಾರೆ. ಆ ಮೇಲೆ ಒಬ್ಬೊಬ್ಬರೊಡನೆ ಪ್ರತ್ಯೇಕವಾಗಿ ಮಾತನಾಡುತ್ತಾರೆ. ಒಬ್ಬರು ಗುಟ್ಟಾಗಿ ಹೇಳಿದುದನ್ನು ಅವರ ಅನುಮತಿಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವುದಿಲ್ಲ. ಬಳಿಕ ಒಂದೊಂದು ವಿಷಯವನ್ನಾಗಿ ತೆಗೆದುಕೊಂಡು ಇಬ್ಬರ ಬಾಯಿಂದಲೇ ಮಾರ್ಗಗಳನ್ನು ಹೊರಡಿಸುತ್ತಾರೆ. ಒಪ್ಪಿಗೆಯಾದುದನ್ನು ಬರೆದು, ಇಬ್ಬರ ರುಜುವನ್ನು ಪಡೆದು, ನ್ಯಾಯಸ್ಥಾನಕ್ಕೆ ಕಳುಹಿಸುತ್ತಾರೆ. ನ್ಯಾಯಸ್ಥಾನವು ಅದನ್ನು ಪರೀಕ್ಷಿಸಿ ಆಜ್ಞೆಯ ರೂಪವನ್ನು ಕೊಡುತ್ತದೆ. ಕಟ್ಟೆಮನೆಗೂ ಇದಕ್ಕೂ ಇರುವ ಮುಖ್ಯ ಭೇದವೇನೆಂದರೆ, ಅಲ್ಲಿ 'ತಪ್ಪು ಯಾರದು' ಎಂಬುದು ಮೊದಲ ಪ್ರಶ್ನೆ. ಇಲ್ಲಿ 'ನಾಳೆಯಿಂದ ಮಗುವಿನ ದಿನಚರಿ ಏನು' ಎಂಬುದು ಮೊದಲ ಪ್ರಶ್ನೆ.

ಬೇರೆ ದೇಶಗಳಲ್ಲಿಯೂ ಇದು ಬಹಳ ಹಳೆಯ ಪದ್ಧತಿಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನವು ಮಕ್ಕಳ ವಿಷಯದ ವಿವಾದಗಳಲ್ಲಿ ವಿಚಾರಣೆಗೆ ಮೊದಲು ಸಂಧಾನವನ್ನು ಕಡ್ಡಾಯ ಮಾಡಿದುದು ೧೯೮೧ರಲ್ಲಿ. ನಾರ್ವೆ ದೇಶದಲ್ಲಿ ಹದಿನಾರು ವರ್ಷದೊಳಗಿನ ಮಕ್ಕಳಿರುವ ದಂಪತಿಗಳು ಬೇರೆಯಾಗಬೇಕಾದರೆ ಮೊದಲು ಸಂಧಾನಕಾರರ ಬಳಿ ಹೋಗತಕ್ಕದ್ದೆಂಬ ವಿಧಿಯು ೧೯೯೧ರ ವಿವಾಹಶಾಸನದಿಂದ ಬಂದಿತು. ವಿಶ್ವಸಂಸ್ಥೆಯ ೧೯೮೯ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತವು ೧೯೯೨ರಲ್ಲಿ ಅಂಗೀಕರಿಸಿತು. ಬೇರೆಯಾದ ತಂದೆತಾಯಿಗಳಿಬ್ಬರೊಡನೆಯೂ, ಅಹಿತವಲ್ಲದ ಪಕ್ಷದಲ್ಲಿ, ಸಂಬಂಧವನ್ನು ಉಳಿಸಿಕೊಳ್ಳುವ ಹಕ್ಕು ಮಗುವಿನದೆಂದು ಅದು ಸಾರುತ್ತದೆ. ಹಕ್ಕು ಮಗುವಿನದೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

೫

ಈಗ ದೇವಲಾಪುರ ಹೋಬಳಿಗೆ ಬರೋಣ. ಕೆಳಗಿನದು ನಡೆದ ಸಂಗತಿಯಲ್ಲ, ವಿಚಾರಕ್ಕಾಗಿ ಕಲ್ಪಿಸಿಕೊಂಡ ನಿದರ್ಶನ. ಗಂಡನಿಗೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಹೆಂಡತಿಯು ಒಂಬತ್ತು ವರ್ಷದ ಮಗಳನ್ನೂ ನಾಲ್ಕು ವರ್ಷದ ಮಗನನ್ನೂ ಕರೆದುಕೊಂಡು ಹೋಬಳಿಯ ಹಳ್ಳಿಯೊಂದರಲ್ಲಿರುವ ತವರಿಗೆ ಬಂದಿದ್ದಾಳೆ. ಮಗಳು ಅಲ್ಲಿಯ ಶಾಲೆಗೆ, ಮಗನು ಅಂಗನವಾಡಿಗೆ ಸೇರಿದ್ದಾರೆ. ಇಬ್ಬರೂ ಬೇರೆಯಾಗುವುದಕ್ಕೆ ಒಪ್ಪಿದ್ದಾರೆ.

ಹಳೆಯ ರೂಢಿಯಂತೆ ಹಿರಿಯರು ಕೂಡಿದರೆ ಒಂದು ಮಾತು ಸುಲಭವಾಗಿ ಹೊರಡುತ್ತದೆ: ಗಂಡುಮಗು ತಂದೆಗೆ, ಹೆಣ್ಣುಮಗು ತಾಯಿಗೆ. ಉಭಯ ಪಕ್ಷಕ್ಕೂ ಸಮಪಾಲು ಬಂದಂತಾಯಿತು, ಪಂಚರಿಗೂ ನ್ಯಾಯವನ್ನು ಹೇಳಿದೆವೆಂಬ ಸಮಾಧಾನವಾಯಿತು. ಆದರೆ ತಂದೆಯನ್ನು ದಿನವೂ ಕಾಣದೆ ಹೋದ ಮಗನು ಈಗ ತಾಯಿಯನ್ನೂ ಅಕ್ಕನನ್ನೂ ಕಳೆದುಕೊಂಡನು. ಮಗಳು ತಂದೆಯೊಡನೆ ತಮ್ಮನನ್ನೂ ಕಳೆದುಕೊಂಡಳು. ಎರಡನೆಯ ಮಾತು, ಇಷ್ಟು ಇಡಿಗಂಟನ್ನು ಕೊಟ್ಟು ಲೆಕ್ಕವನ್ನು ತೀರಿಸಿಬಿಡುವುದು, ಮುಂದೆ ಮಕ್ಕಳ ಖರ್ಚನ್ನು ಕೇಳತಕ್ಕದ್ದಲ್ಲವೆಂದು ತಾಯಿಯಿಂದ ಬರೆಯಿಸಿಕೊಳ್ಳುವುದು. ಇದು ಕಾನೂನಿನಲ್ಲಿ ನಿಲ್ಲುವ ಮಾತಲ್ಲ. ಮಗುವಿನ ಪೋಷಣೆಯ ಹಕ್ಕು ಮಗುವಿನದು. ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶದ ಕಾಯಿದೆಯ ೨೦ನೆಯ ಪ್ರಕರಣವು ಆ ಹೊಣೆಯನ್ನು ತಂದೆತಾಯಿಗಳಿಬ್ಬರ ಮೇಲೂ ಹೊರಿಸಿದೆ. ತನ್ನದಲ್ಲದ ಹಕ್ಕನ್ನು ತಾಯಿಯು ಬಿಟ್ಟುಕೊಡಲಾರಳು.

ಇನ್ನೊಂದು ಅಪಾಯವೂ ಉಂಟು. ೧೮೯೦ರ ಕಾಯಿದೆಯ ೯ನೆಯ ಪ್ರಕರಣದಂತೆ ಮಗುವಿನ ಪಾಲಕತ್ವದ ಅರ್ಜಿಯನ್ನು ಮಗುವು ಸಾಮಾನ್ಯವಾಗಿ ವಾಸಮಾಡುವ ಸ್ಥಳದ ನ್ಯಾಯಸ್ಥಾನದಲ್ಲಿ ಹಾಕಬೇಕು. ಮಂಡ್ಯವೋ ಬೆಂಗಳೂರೋ ಎಂಬುದು ಮಗುವಿನ ವಾಸದ ಮೇಲೆ ನಿಂತಿರುವುದರಿಂದ, ಮಗುವನ್ನು ಮೊದಲು ತಮ್ಮ ಕಡೆಗೆ ಎಳೆದುಕೊಳ್ಳುವ ಆತುರ ಎರಡು ಪಕ್ಷದಲ್ಲಿಯೂ ಹುಟ್ಟುತ್ತದೆ. ಶಾಲೆಯ ಬಾಗಿಲಿನಿಂದಲೇ ಮಗುವನ್ನು ಕರೆದೊಯ್ಯುವುದು, ವರ್ಗಾವಣೆಪತ್ರವನ್ನು ಸದ್ದಿಲ್ಲದೆ ತೆಗೆದುಕೊಳ್ಳುವುದು ಮೊದಲಾದ ಕಾರ್ಯಗಳ ಮೂಲ ಅನೇಕವೇಳೆ ಇಲ್ಲಿಯೇ ಇರುತ್ತದೆ. ವ್ಯಾಜ್ಯಕ್ಕೆ ಮೊದಲೇ ಸಂಧಾನಕ್ಕೆ ಕುಳಿತರೆ ಈ ಎಳೆದಾಟಕ್ಕೆ ಕಾರಣವೇ ಉಳಿಯದು.

ಇದೇ ಮನೆಯವರು ಸಂಧಾನಕ್ಕೆ ಕುಳಿತರೆ ಕೇಳತಕ್ಕ ಪ್ರಶ್ನೆಗಳು ಬೇರೆ. ಶಾಲೆಯ ದಿನಗಳಲ್ಲಿ ಮಕ್ಕಳು ಮಲಗುವ ಮನೆ ಯಾವುದು? ತಂದೆಗೆ ರಜಾ ಯಾವ ವಾರ, ಅವನು ನಾಗಮಂಗಲಕ್ಕೆ ಬರುವ ಬಸ್ಸು ಎಷ್ಟು ಹೊತ್ತಿಗೆ ತಲುಪುತ್ತದೆ, ಮಕ್ಕಳನ್ನು ಕಾಣಲು ತವರಿನ ಜಗುಲಿಯೇ ಆಗಬೇಕೇ ಅಥವಾ ಉಭಯರಿಗೂ ಮುಜುಗರವಾಗದ ಬೇರೊಂದು ಮನೆ ಉಂಟೇ? ಏಪ್ರಿಲ್ ಮೇ ತಿಂಗಳ ಬೇಸಗೆಯ ರಜೆಯಲ್ಲಿ ಎಷ್ಟು ದಿನ ಎಲ್ಲಿ? ಯುಗಾದಿ, ಗೌರಿಗಣೇಶ, ದೀಪಾವಳಿಗಳಲ್ಲಿ ಯಾವುದು ಯಾರ ಮನೆಯಲ್ಲಿ? ತಂದೆಯ ಊರಿನ ಹಬ್ಬಕ್ಕೆ ಅಜ್ಜಿತಾತಂದಿರು ಮಕ್ಕಳನ್ನು ಕರೆಯಬಹುದೇ? ಮಗುವಿಗೆ ಜ್ವರ ಬಂದರೆ ಯಾರು ಯಾರಿಗೆ ತಿಳಿಸಬೇಕು, ಶಸ್ತ್ರಚಿಕಿತ್ಸೆಯಾದರೆ ಒಪ್ಪಿಗೆಯನ್ನು ಕೊಡುವವರು ಯಾರು? ಫೀಸು, ಪುಸ್ತಕ, ಬಟ್ಟೆ, ಔಷಧಿಗಳ ವೆಚ್ಚದಲ್ಲಿ ಯಾರ ಭಾಗವೆಷ್ಟು, ಅದು ಯಾವ ತಾರೀಖಿನೊಳಗೆ ಸಲ್ಲಬೇಕು? ಜನನಪತ್ರ, ಆಧಾರ್ ಚೀಟಿ, ಅಂಕಪಟ್ಟಿಗಳು ಯಾರ ಬಳಿ ಇರಬೇಕು? ಇಬ್ಬರಲ್ಲಿ ಒಬ್ಬರು ಮರುಮದುವೆಯಾದರೆ ಅಥವಾ ಬೇರೆ ಊರಿಗೆ ಹೋದರೆ ಮತ್ತೆ ಕೂಡಿ ಮಾತನಾಡುವುದು ಎಂದು?

ಇವೆಲ್ಲ ಸಣ್ಣ ಪ್ರಶ್ನೆಗಳಂತೆ ಕಾಣಬಹುದು. ಆದರೆ ಮಗುವಿನ ಬಾಳು ನಡೆಯುವುದು ಈ ಸಣ್ಣ ಸಂಗತಿಗಳಲ್ಲಿಯೇ. ನ್ಯಾಯಾಧೀಶರು ಎಷ್ಟೇ ದಯಾಪರರಾದರೂ ಬಸ್ಸಿನ ವೇಳೆಯನ್ನೂ ಅಜ್ಜಿಯ ಮಂಡಿನೋವನ್ನೂ ಅರಿತು ಆಜ್ಞೆ ಮಾಡಲಾರರು. ತಂದೆತಾಯಿಗಳು ಮಾತ್ರ ಬಲ್ಲರು. ದಂಪತಿಗಳು ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನವನ್ನು ಬೇಡಿದಾಗ ಇರುವ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಸ್ಥಾನವು ತಕ್ಕ ಕಾರಣವಿದ್ದರೆ ಸಡಿಲಿಸಬಹುದೆಂದು ಸುಪ್ರೀಂ ಕೋರ್ಟು ೨೦೧೭ರಲ್ಲಿ ಹೇಳಿತು. ಆಗ ಅದು ನೋಡಹೇಳಿದ ಸಂಗತಿಗಳಲ್ಲಿ ಮಗುವಿನ ವಿಷಯವು ನಿಜವಾಗಿಯೂ ಇತ್ಯರ್ಥವಾಗಿದೆಯೇ ಎಂಬುದೂ ಒಂದು. ಇಂಥ ಪ್ರಶ್ನೆಗಳಿಗೆ ಉತ್ತರ ಸಿಕ್ಕಿಲ್ಲದಿದ್ದರೆ ಇತ್ಯರ್ಥವಾಯಿತೆಂದು ಹೇಳುವುದು ಹೇಗೆ?

೬

ಇಬ್ಬರಿಗೂ ಸಮನಾಗಿ ಕಾಲವನ್ನು ಹಂಚಿಬಿಟ್ಟರೆ ಸಾಲದೇ ಎಂಬ ಪ್ರಶ್ನೆಯುಂಟು. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಗಮನಾರ್ಹವಾದ ಉದಾಹರಣೆಯಿದೆ. ೨೦೧೩ರಲ್ಲಿ ಕರ್ನಾಟಕದ ಹೈಕೋರ್ಟು ಹನ್ನೆರಡು ವರ್ಷದ ಬಾಲಕನೊಬ್ಬನ ವಿಷಯದಲ್ಲಿ, ಜನವರಿ ೧ರಿಂದ ಜೂನ್ ೩೦ರವರೆಗೆ ತಂದೆಯ ಬಳಿಯೂ ಜುಲೈ ೧ರಿಂದ ಡಿಸೆಂಬರ್ ೩೧ರವರೆಗೆ ತಾಯಿಯ ಬಳಿಯೂ ಇರತಕ್ಕದ್ದೆಂದು ಆಜ್ಞೆ ಮಾಡಿತು. ವಿದ್ಯಾಭ್ಯಾಸದ ವೆಚ್ಚವನ್ನು ಇಬ್ಬರೂ ಸಮನಾಗಿ ಹೊರಬೇಕು, ಒಬ್ಬರ ಬಳಿ ಇರುವಾಗ ಇನ್ನೊಬ್ಬರು ಶನಿವಾರ ಭಾನುವಾರಗಳಲ್ಲಿ ಕಾಣಬಹುದು, ಬಾಲಕನು ದೂರವಾಣಿಯಲ್ಲಿ ಮಾತನಾಡಬಹುದು ಎಂದು ಸೇರಿಸಿತು. ಜಂಟಿ ಪಾಲನೆಯ ವಿಚಾರವನ್ನು ೨೦೧೫ರ ಮೇ ತಿಂಗಳಿನಲ್ಲಿ ಭಾರತದ ಕಾನೂನು ಆಯೋಗವು ತನ್ನ ೨೫೭ನೆಯ ವರದಿಯಲ್ಲಿ ಚರ್ಚಿಸುವಾಗ ಈ ತೀರ್ಪನ್ನು ಎತ್ತಿಕೊಂಡಿತು. ಮಕ್ಕಳ ವಿಷಯದ ವಿವಾದಗಳಲ್ಲಿ ಕಾಲಮಿತಿಯುಳ್ಳ ಸಂಧಾನವನ್ನೂ ಶಿಫಾರಸು ಮಾಡಿತು.

ಇಬ್ಬರೂ ಮಗುವಿಗೆ ಬೇಕೆಂಬ ಈ ತೀರ್ಪಿನ ತತ್ತ್ವವು ಶ್ಲಾಘ್ಯವಾದುದು. ಆದರೆ ಅದರ ಕಾಲವಿಭಾಗವನ್ನು ಎಲ್ಲ ಮನೆಗೂ ಅಚ್ಚಿನಂತೆ ಒತ್ತುವುದು ಯುಕ್ತವಲ್ಲ. ನಮ್ಮ ಶಾಲೆಗಳ ವರ್ಷವು ಮೇ ಕೊನೆ ಅಥವಾ ಜೂನ್ ಮೊದಲಿಗೆ ಆರಂಭವಾಗಿ ಮರುವರ್ಷದ ಬೇಸಗೆಗೆ ಮುಗಿಯುತ್ತದೆ. ಎರಡು ಮನೆಗಳೂ ಒಂದೇ ಪಟ್ಟಣದಲ್ಲಿದ್ದರೆ ಜನವರಿಯ ಬದಲಾವಣೆ ಶಾಲೆಗೆ ತಟ್ಟದು. ಒಂದು ಮನೆ ದೇವಲಾಪುರ ಹೋಬಳಿಯಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ ಇದ್ದರೆ ಅದೇ ವಿಭಾಗವು ವರ್ಷದ ನಡುವೆ ಶಾಲೆಯನ್ನು ಮುರಿಯುತ್ತದೆ. ಸಮವಿಭಾಗವು ತಂದೆತಾಯಿಗಳ ದೃಷ್ಟಿಯಿಂದ ನ್ಯಾಯವಾಗಿದ್ದರೂ ಮಗುವಿನ ದೃಷ್ಟಿಯಿಂದ ಮತ್ತೆ ಪಾಲಾಗಬಹುದು. ಆಸ್ಟ್ರೇಲಿಯ ದೇಶವು ೨೦೦೬ರಲ್ಲಿ ಹೊಣೆಯು ಇಬ್ಬರಿಗೂ ಸಮವೆಂಬ ಪೂರ್ವಭಾವನೆಯನ್ನು ಕಾಯಿದೆಯಲ್ಲಿ ಸೇರಿಸಿ, ೨೦೨೩ರ ತಿದ್ದುಪಡಿಯಿಂದ ಅದನ್ನು ತೆಗೆದುಹಾಕಿತು. ಆ ತಿದ್ದುಪಡಿ ೨೦೨೪ರ ಮೇ ತಿಂಗಳಿನಲ್ಲಿ ಜಾರಿಗೆ ಬಂದಿತು. ಒಂದೇ ಅಳತೆಯ ಅಂಗಿ ಎಲ್ಲ ಮಕ್ಕಳಿಗೂ ಹೊಂದದೆಂಬುದನ್ನು ಇದರಿಂದ ತಿಳಿಯಬಹುದು. ಎಳೆಯ ಮಗುವಿಗೆ ಅಲ್ಪಕಾಲದ, ಆದರೆ ಮತ್ತೆ ಮತ್ತೆ ಆಗುವ ಭೇಟಿಗಳು ಹಿತ. ಶಾಲೆಯ ವಯಸ್ಸಿನವರಿಗೆ ಹೇಳಿದ ದಿನಕ್ಕೆ ತಪ್ಪದೆ ಬರುವುದು ಹಿತ. ಹದಿನಾಲ್ಕು ಹದಿನೈದರವರಿಗೆ ತಮ್ಮನ್ನು ಕೇಳಿ ಗೊತ್ತುಮಾಡುವುದು ಹಿತ.

೭

ಮಗುವನ್ನು ಕೇಳುವುದೆಂದರೇನು ಎಂಬುದರಲ್ಲಿಯೂ ವಿವೇಕ ಬೇಕು. 'ನಿನಗೆ ಅಪ್ಪ ಬೇಕೋ ಅಮ್ಮ ಬೇಕೋ' ಎಂಬ ಪ್ರಶ್ನೆ ಕೇಳುವವರಿಗೆ ಸುಲಭ, ಉತ್ತರಿಸುವವರಿಗೆ ಕಠಿನ. ಯಾವ ಉತ್ತರವನ್ನು ಕೊಟ್ಟರೂ ಒಬ್ಬರಿಗೆ ದ್ರೋಹ ಮಾ­ಡಿದೆನೆಂಬ ಭಾವನೆ ಮಗುವಿನಲ್ಲಿ ಉಳಿಯುತ್ತದೆ. ಆದುದರಿಂದ ಮಕ್ಕಳ ಮನಸ್ಸನ್ನು ಅರಿತವರೊಬ್ಬರು ಮಗುವಿನೊಡನೆ ಪ್ರತ್ಯೇಕವಾಗಿ ಮಾತನಾಡಿ, ಅದರ ದಿನ ಹೇಗೆ ಕಳೆಯುತ್ತಿದೆ, ಯಾವುದು ಕಷ್ಟವಾಗಿದೆ, ಏನನ್ನು ಕಳೆದುಕೊಳ್ಳಲು ಹೆದರುತ್ತದೆ ಎಂಬುದನ್ನು ತಿಳಿದು, ತಂದೆತಾಯಿಗಳ ಮುಂದೆ ಇಡುವ ಕ್ರಮವು ಆಸ್ಟ್ರೇಲಿಯ ಮೊದಲಾದ ಕಡೆಗಳಲ್ಲಿ ಬೆಳೆದಿದೆ. ಆರಿಸುವ ಭಾರವನ್ನು ಮಗುವಿನ ಮೇಲೆ ಹೊರಿಸದೆ ಅದರ ಅನುಭವಕ್ಕೆ ಕಿವಿಗೊಡುವುದೇ ಇದರ ಮರ್ಮ.

ಸಮಯಕ್ಕೆ ಸರಿಯಾಗಿ ಮಕ್ಕಳ ವಿಷಯವನ್ನು ಬೇರೆ ತೆಗೆದು ನಿರ್ಣಯಿಸಿದ ಒಬ್ಬ ತಾಯಿಯ ಕಥೆಯು ನಮ್ಮ ಸಾಹಿತ್ಯದಲ್ಲಿ ಎಲ್ಲರಿಗೂ ಪರಿಚಿತ. ಮಹಾಭಾರತದ ನಳೋಪಾಖ್ಯಾನದಲ್ಲಿ ನಳನು ಜೂಜಿನಲ್ಲಿ ಸರ್ವಸ್ವವನ್ನೂ ಸೋಲುತ್ತಿರುವುದನ್ನು ಕಂಡ ದಮಯಂತಿಯು, ತಾನು ಪತಿಯ ಬಳಿಯಲ್ಲಿಯೇ ನಿಂತು, ಮಕ್ಕಳಿಬ್ಬರನ್ನೂ ಒಟ್ಟಿಗೆ ಸಾರಥಿಯಾದ ವಾರ್ಷ್ಣೇಯನೊಡನೆ ಕುಂಡಿನಪುರದ ತವರಿಗೆ ಕಳುಹಿಸುತ್ತಾಳೆ. ಅಡವಿಯಲ್ಲಿ ಆಗಲಿದ್ದ ವಿಯೋಗಕ್ಕೆ ಮಕ್ಕಳು ಸಾಕ್ಷಿಗಳಾಗಲಿಲ್ಲ. ಮುಂದೆ ಬಾಹುಕನ ವೇಷದಲ್ಲಿದ್ದ ತಂದೆಯ ಬಳಿಗೆ ಆ ಮಕ್ಕಳನ್ನೇ ಕಳುಹಿಸಿದಾಗ ಅವನು ಅವರನ್ನು ಅಪ್ಪಿಕೊಂಡು ಅಳುತ್ತಾನೆ. ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರ ಮನೆಮಾತಾಗಿರುವ ಈ ಕಥೆಯನ್ನು ಪಾಠ ಹೇಳುವಾಗ, ಹಿರಿಯರ ದುರವಸ್ಥೆಯನ್ನೂ ಮಕ್ಕಳ ರಕ್ಷಣೆಯನ್ನೂ ಬೇರ್ಪಡಿಸಿ ನೋಡಿದ ದಮಯಂತಿಯ ಪ್ರಜ್ಞೆಯನ್ನು ವಿದ್ಯಾರ್ಥಿಗಳಿಗೆ ತೋರಿಸಿಕೊಡಬಹುದು.

ಸಂಧಾನವು ಎಲ್ಲ ರೋಗಕ್ಕೂ ಮದ್ದಲ್ಲವೆಂಬುದನ್ನೂ ಹೇಳಬೇಕು. ಹೊಡೆತ ಬಡಿತಗಳು ನಡೆದಿರುವ, ಒಬ್ಬರು ಇನ್ನೊಬ್ಬರ ಎದುರಿನಲ್ಲಿ ಬಾಯಿಬಿಡಲು ಹೆದರುವ ಮನೆಯಲ್ಲಿ ಸಮಾನವಾದ ಮಾತುಕತೆ ಎಂಬುದೇ ಇರದು. ಅಲ್ಲಿ ಮೊದಲು ಬೇಕಾದುದು ರಕ್ಷಣೆ. ೨೦೦೫ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯಿದೆಯು ರಕ್ಷಣೆಯ ಆಜ್ಞೆಗೂ, ೨೧ನೆಯ ಪ್ರಕರಣದಲ್ಲಿ ಮಕ್ಕಳ ತಾತ್ಕಾಲಿಕ ವಾಸದ ಆಜ್ಞೆಗೂ ಅವಕಾಶವನ್ನು ಕೊಟ್ಟಿದೆ. ಮಗುವೇ ಹಿಂಸೆಗೆ ಗುರಿಯಾಗಿದ್ದರಂತೂ ರಾಜಿಯ ಮಾತನ್ನು ಎತ್ತಬಾರದು. ಹೊಂದಿಕೊಂಡು ಹೋಗೆಂದು ಹೆಂಗಸನ್ನು ಒತ್ತಾಯಪಡಿಸುವುದಕ್ಕೆ ಸಂಧಾನವೆಂಬ ಹೆಸರು ಸಲ್ಲದು.

೮

ಕೊನೆಯದಾಗಿ ಭಾಷೆಯ ಮಾತು. ಈ ವ್ಯವಹಾರಗಳಲ್ಲಿ ನಮ್ಮ ಬಳಕೆಯ ಶಬ್ದಗಳು 'ವಶ', 'ಸುಪರ್ದು', 'ಸ್ವಾಧೀನ', 'ಭೇಟಿಯ ಹಕ್ಕು' ಎಂಬಂಥವು. ಸುಪರ್ದು ಪಾರಸಿಯಿಂದ ಬಂದುದು, ಒಪ್ಪಿಸಿದ ವಸ್ತು ಎಂಬ ಅರ್ಥದ್ದು. ಜಪ್ತಿಯಾದ ಎತ್ತುಗಾಡಿಗೂ ಒಂಬತ್ತು ವರ್ಷದ ಮಗಳಿಗೂ ಒಂದೇ ಮಾತನ್ನು ಬಳಸಿದರೆ ಮನಸ್ಸು ಅದರ ಹಿಂದೆಯೇ ಹೋಗುತ್ತದೆ. 'ಮಗುವಿನ ವಶವು ತಾಯಿಗೆ, ತಂದೆಗೆ ಭೇಟಿಯ ಹಕ್ಕು' ಎಂದು ಬರೆದ ಕಾಗದದಲ್ಲಿ ಗೆದ್ದವರೊಬ್ಬರು, ಸೋತವರೊಬ್ಬರು. ಅದರ ಬದಲು 'ಶಾಲೆಯ ದಿನಗಳಲ್ಲಿ ಮಕ್ಕಳಿಬ್ಬರೂ ತಾಯಿಯ ಮನೆಯಲ್ಲಿ ಇರುವರು. ತಿಂಗಳಿನ ಮೊದಲನೆಯ ಮತ್ತು ಮೂರನೆಯ ಭಾನುವಾರ ತಂದೆಯೊಡನೆ ಕಳೆಯುವರು. ದಿನವೂ ಸಂಜೆ ತಂದೆಯೊಡನೆ ಮಾತನಾಡುವರು' ಎಂದು ಬರೆದರೆ ವಾಕ್ಯದ ಕರ್ತೃಸ್ಥಾನದಲ್ಲಿ ಮಕ್ಕಳು ಬಂದು ನಿಲ್ಲುತ್ತಾರೆ. ಕಾನೂನಿನ ಬಲವೂ ಕುಂದುವುದಿಲ್ಲ. ಹೇಳಿದ ದಿನವೂ ಹೊತ್ತೂ ಸ್ಪಷ್ಟವಾಗಿರುವುದರಿಂದ ಪಾಲಿಸುವುದೂ ಸುಲಭ, ತಪ್ಪಿದರೆ ತೋರಿಸುವುದೂ ಸುಲಭ. ಸುಪ್ರೀಂ ಕೋರ್ಟು ೨೦೨೦ರ ತೀರ್ಪೊಂದರಲ್ಲಿ ಭೇಟಿಯ ಜೊತೆಗೆ ದೂರವಾಣಿ ಮುಂತಾದುವುಗಳ ಮೂಲಕ 'ಸಂಪರ್ಕ'ವನ್ನೂ ಎತ್ತಿ ಹೇಳಿರುವುದು ಇದೇ ದಿಕ್ಕಿನ ಹೆಜ್ಜೆ.

ಒಪ್ಪಂದದ ಪತ್ರವನ್ನು ಪರೀಕ್ಷಿಸುವುದಕ್ಕೆ ನಾವು ಒಂದು ಸುಲಭವಾದ ಅಳತೆಯನ್ನು ಸೂಚಿಸುತ್ತೇವೆ. ಆ ಪತ್ರವನ್ನು ಹನ್ನೆರಡು ವರ್ಷದ ಮಗುವು ಓದಿದರೆ ತನ್ನ ಮುಂದಿನ ತಿಂಗಳು ಹೇಗೆ ನಡೆಯುವುದೆಂದು ಅದಕ್ಕೆ ತಿಳಿಯಬೇಕು. ತಂದೆಯನ್ನಾಗಲಿ ತಾಯಿಯನ್ನಾಗಲಿ ಹಳಿಯುವ ಒಂದು ಮಾತೂ ಅದರಲ್ಲಿ ಕಾಣಬಾರದು. ಇಂಥ ಪತ್ರಗಳ ಮಾದರಿಗಳನ್ನು ತಿಳಿಗನ್ನಡದಲ್ಲಿ ಸಿದ್ಧಪಡಿಸಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿಗೆ ಒದಗಿಸುವ ಕೆಲಸವು ನ್ಯಾಯವಾದಿಗಳೂ ಭಾಷಾಪಂಡಿತರೂ ಕೂಡಿ ಮಾಡತಕ್ಕದ್ದು. ಕಟ್ಟೆಮನೆಯಿಂದ ಊರ ಭಾಷೆಯನ್ನೂ ಸಾಮೀಪ್ಯವನ್ನೂ, ಹೊಸ ಕಾನೂನಿನಿಂದ ಗೋಪ್ಯವನ್ನೂ ಸ್ತ್ರೀಪುರುಷರ ಸಮಾನಸ್ಥಾನವನ್ನೂ ತೆಗೆದುಕೊಂಡು ಅವನ್ನು ಬರೆದರೆ, ಆಸ್ತಿಯ ಕಾಗದದಲ್ಲಿ ಪಾಲೂ ಮಕ್ಕಳ ಕಾಗದದಲ್ಲಿ ಪಾಲನೆಯೂ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುವುವು.